ಹೊಗಳುವಾಗ "ನಾವು", ಬೈಯುವಾಗ "ನಮ್ ಜನ"

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯ ನಡುಪುಟದಲ್ಲಿ "ಯಾವ ದೇಶದವರು ಹೇಗೆ?" ಅಂತ ಬಣ್ಣಬಣ್ಣದ ಒಂದು ಪಟ್ಟಿ ಹಾಕಿದ್ರಲ್ಲ, ಅದರ ಬಗ್ಗೆ ಬರೀತಾ ಇದೀನಿ. ಜರ್ಮನ್ನರು ಅಂದ್ರೆ ಶಿಸ್ತು, ಇಟಲಿಯವರು ಗದ್ದಲ, ಬ್ರಿಟಿಷರು ಬಿಗುಮಾನ, ಜಪಾನಿನವರು ಟೈಮ್ ಅಂದ್ರೆ ಟೈಮ್, ಅಮೆರಿಕದವರಿಗೆ ಜಂಬ, ಹಿಂಗೆ ಹನ್ನೆರಡು ದೇಶ, ಒಂದೊಂದಕ್ಕೂ ಒಂದು ಬಾವುಟ, ಒಂದು ಮುಖದ ಚಿತ್ರ, ಎರಡು ಸಾಲು. ಮನೇಲಿ ಎಲ್ರೂ ಓದಿ ನಕ್ವಿ, ನಾನೂ ನಕ್ಕೆ. ಸಂಜೆ ನೋಡ್ತೀನಿ, ಏಳನೇ ಕ್ಲಾಸಲ್ಲಿರೋ ನನ್ನ ಮಗಳು ಅದನ್ನ ನೀಟಾಗಿ ಕತ್ತರಿಸಿ ಸ್ಕೂಲ್ ಪ್ರಾಜೆಕ್ಟ್ ಬುಕ್ಕಿಗೆ ಅಂಟಿಸ್ತಾ ಇದಾಳೆ, ಮೇಲ್ಗಡೆ ಸ್ಕೆಚ್ ಪೆನ್ನಲ್ಲಿ "ಪ್ರಪಂಚದ ಜನರು" ಅಂತ ಹೆಡ್ಡಿಂಗ್ ಬೇರೆ. ಆ ಹೆಡ್ಡಿಂಗ್ ನೋಡಿದ ಮೇಲೆ ನನಗೆ ನಗು ಬರ್ಲಿಲ್ಲ. ನಮಗೆ ಅದು ಭಾನುವಾರದ ತಮಾಷೆ, ಅವಳಿಗೆ ಅದು ಪಾಠ, ಪೇಪರಲ್ಲಿ ಬಂದಿದೆ ಅಂದ್ಮೇಲೆ ಸರಿಯಾಗೇ ಇರುತ್ತೆ ಅನ್ನೋ ನಂಬಿಕೆ. ಅದಕ್ಕೇ ಕೂತು ಬರೀತಿದೀನಿ, ಪತ್ರ ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ.

ಮೊದಲು ಒಂದು ವಿಷಯ, ಈ ಥರದ ಪಟ್ಟಿ ಹೊಸದೇನಲ್ಲ. ಆಸ್ಟ್ರಿಯಾದ ಸ್ಟಿರಿಯಾ ಪ್ರಾಂತ್ಯದಲ್ಲಿ ಸುಮಾರು 300 ವರ್ಷದ ಹಿಂದೆ, 1720-30ರ ಆಸುಪಾಸಲ್ಲಿ, ಹೆಸರು ಗೊತ್ತಿಲ್ಲದ ಯಾವನೋ ಚಿತ್ರಕಾರ ಥೇಟ್ ಇಂಥದ್ದೇ ಒಂದು ಫಲಕ ಬರೆದಿದಾನೆ. ಜರ್ಮನ್ ಭಾಷೇಲಿ ಅದನ್ನ ಫೋಲ್ಕರ್‌ಟಾಫೆಲ್ ಅಂತಾರೆ, ಜನಾಂಗಗಳ ಫಲಕ ಅಂತ ಅರ್ಥ, ವಿಯೆನ್ನಾದ ಜಾನಪದ ಮ್ಯೂಸಿಯಂನಲ್ಲಿ ಒಂದು ಪ್ರತಿ ಇದೆ. ಮೇಲ್ಗಡೆ ಯುರೋಪಿನ ಹತ್ತು ಜನಾಂಗದವರ ಬಟ್ಟೆಬರೆ ಸಮೇತ ಚಿತ್ರ, ಕೆಳಗೆ 17 ಸಾಲು, ನಡತೆ, ಬುದ್ಧಿ, ದುರ್ಗುಣ, ಏನನ್ನ ಪ್ರೀತಿಸ್ತಾರೆ, ಯಾವ ಕಾಯಿಲೆ ಬರುತ್ತೆ, ಯಾವ ಪ್ರಾಣಿಗೆ ಹೋಲಿಸ್ಬಹುದು, ಕೊನೆಗೆ ಎಲ್ಲಿ ಸಾಯ್ತಾರೆ ಅನ್ನೋದೂ ಇದೆ. ಪ್ರಾಣಿಗಳ ಸಾಲು ನೋಡಿ, ಫ್ರೆಂಚರಿಗೆ ನರಿ, ಇಂಗ್ಲಿಷರಿಗೆ ಕುದುರೆ, ಸ್ವೀಡನ್ನಿನವರಿಗೆ ಎತ್ತು, ಪೋಲೆಂಡಿನವರಿಗೆ ಕರಡಿ, ರಷ್ಯದವರಿಗೆ ಕತ್ತೆ. ಜರ್ಮನ್ನರಿಗೆ ಮಾತ್ರ ಸಿಂಹ. ಬರೆದಿರೋದು ಜರ್ಮನ್ ಭಾಷೇಲಿ, ಹಾಗಾಗಿ ಸಿಂಹ ಯಾರ ಪಾಲಿಗೆ ಬಂತು ಅಂತ ಆಶ್ಚರ್ಯ ಪಡ್ಬೇಕಾಗಿಲ್ಲ. ಟರ್ಕಿಯವರಿಗೂ ಗ್ರೀಕರಿಗೂ ಸೇರಿಸಿ ಒಂದೇ ಕಾಲಮ್ಮು, "ಟರ್ಕ್ ಅಥವಾ ಗ್ರೀಕ್" ಅಂತ, ಅಷ್ಟು ದೂರದೋರು ಬರೆಯೋನಿಗೆ ಎಲ್ಲಾ ಒಂದೇ ಥರ ಕಂಡಿದಾರೆ. ಆದ್ರೆ ನನ್ನ ಗಮನ ಹೋಗಿದ್ದು ಬೇರೆ ಕಡೆ, ಅದರಲ್ಲಿ ಜರ್ಮನ್ನರ ದುರ್ಗುಣ ಅಂತ ಬರೆದಿರೋದು ದುಂದುವೆಚ್ಚ, ಅವರ ಪ್ರೀತಿ ಕುಡಿತದ ಮೇಲೆ, ಪ್ರಾಣ ಹೋಗೋದೂ ವೈನಲ್ಲೇ. ಸ್ವಂತ ಜನದ ಬಗ್ಗೆ ಬರೆದಿರೋದು ಇದು! ಇವತ್ತು ನಿಮ್ಮ ಪಟ್ಟಿಯಲ್ಲಿ ಅದೇ ಜನ ಕೈಬಿಗಿ, ಲೆಕ್ಕಾಚಾರ, ಶಿಸ್ತು. ನಡುವೆ ರಕ್ತ ಬದಲಾಯ್ತಾ?

ಇಂಥ ಸಿದ್ಧ ಕಲ್ಪನೆಗಳಿಗೆ ಹೇಳೋ ಸ್ಟೀರಿಯೋಟೈಪ್ ಅನ್ನೋ ಮಾತು ಕೂಡ ನಿಮ್ಮ ಕಸುಬಿನಿಂದಲೇ ಬಂದಿದ್ದು ಸರ್. 1790ರ ದಶಕದಲ್ಲಿ ಫ್ರಾನ್ಸಿನ ಫರ್ಮಿನ್ ದಿದೋ ಅನ್ನೋ ಮುದ್ರಕ ಆ ಹೆಸರು ಬಳಕೆಗೆ ತಂದ. ಅಚ್ಚಿನ ಅಕ್ಷರದ ಮೊಳೆ ಜೋಡಿಸಿದ ಪುಟಕ್ಕೆ ಎರಕ ಹುಯ್ದು ಗಟ್ಟಿ ತಗಡು ಮಾಡ್ಕೊಳ್ಳೋದು, ಆಮೇಲೆ ಎಷ್ಟು ಸಾವಿರ ಪ್ರತಿ ಬೇಕಾದ್ರೂ ತೆಗೀಬಹುದು, ಆದ್ರೆ ಒಂದಕ್ಷರ ತಿದ್ದೋಕೆ ಬರಲ್ಲ. ಅದನ್ನ ಮನುಷ್ಯರ ಬಗ್ಗೆ ಇರೋ ಕಲ್ಪನೆಗೆ ಅನ್ವಯಿಸಿದ್ದೂ ಒಬ್ಬ ಪತ್ರಕರ್ತನೇ, ಅಮೆರಿಕದ ವಾಲ್ಟರ್ ಲಿಪ್‌ಮನ್, 1922ರಲ್ಲಿ. ನಮ್ಮಲ್ಲೂ ಪಡಿಯಚ್ಚು ಅಂತ ಚೆಂದದ ಪದ ಇದೆ. ತಿದ್ದೋಕೆ ಆಗದಿರೋದು ಅನ್ನೋದೇ ಇಲ್ಲಿ ಮುಖ್ಯ.

ಆದ್ರೆ ಬೇರೆಯವರ ಬಗ್ಗೆ ಇರೋ ಈ ಅಚ್ಚುಗಳು ತಿದ್ದದೇ ಇದ್ರೂ, ಕಾಲ ಕಾಲಕ್ಕೆ ತಗಡನ್ನೇ ಎಸೆದು ಹೊಸದು ಎರಕ ಹುಯ್ತಾರೆ. ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟೀಲಿ ಕಾಟ್ಸ್ ಮತ್ತು ಬ್ರೇಲಿ ಅನ್ನೋ ಇಬ್ಬರು 100 ವಿದ್ಯಾರ್ಥಿಗಳಿಗೆ 84 ಗುಣವಾಚಕಗಳ ಪಟ್ಟಿ ಕೊಟ್ಟು ಹತ್ತು ಜನಾಂಗಗಳಿಗೆ ಹೊಂದೋದನ್ನ ಆರಿಸಿ ಅಂದ್ರು, 1933ರಲ್ಲಿ ಫಲಿತಾಂಶ ಪ್ರಕಟ ಆಯ್ತು. ಟರ್ಕಿಯವರ ಜೊತೆ ಒಡನಾಟವೇ ಇಲ್ಲದ ಹುಡುಗರು ಟರ್ಕಿಯವರು ಕ್ರೂರಿಗಳು ಅಂತ ಟಿಕ್ ಹಾಕಿದ್ರು. ಜಪಾನಿನವರಿಗೆ ಬುದ್ಧಿವಂತರು, ದುಡಿಯೋರು ಅಂತ ಬಂದಿತ್ತು. ಅದೇ ಕಾಲೇಜಲ್ಲಿ ಅದೇ ಪಟ್ಟಿ ಇಟ್ಕೊಂಡು ಇನ್ನೊಬ್ಬರು ಮತ್ತೆ ಕೇಳಿ 1951ರಲ್ಲಿ ಪ್ರಕಟಿಸಿದಾಗ ಜಪಾನಿನವರು ನಕಲು ಮಾಡೋರು, ಕುತಂತ್ರಿಗಳು ಆಗಿಬಿಟ್ಟಿದ್ರು. ನಡುವೆ ಆಗಿದ್ದು ಯುದ್ಧ, ಜಪಾನಿನವರ ಸ್ವಭಾವಕ್ಕೆ ಏನೂ ಆಗಿರ್ಲಿಲ್ಲ. ಇನ್ನು ಟೈಮ್ ಅಂದ್ರೆ ಟೈಮ್ ಅನ್ನೋ ಮಾತು. 1857ರ ಹೊತ್ತಿಗೆ ನಾಗಾಸಾಕಿಯಲ್ಲಿ ನೌಕಾ ತರಬೇತಿ ಕೊಡೋಕೆ ಬಂದಿದ್ದ ಕಾಟೆನ್‌ಡೈಕೆ ಅನ್ನೋ ಡಚ್ ಅಧಿಕಾರಿ, ಈ ಜಪಾನಿನವರಿಗೆ ಸಮಯದ ಪರಿವೇ ಇಲ್ಲ, ಯಾವುದೂ ಹೇಳಿದ ಹೊತ್ತಿಗೆ ಆಗಲ್ಲ ಅಂತ ರೋಸಿಹೋಗಿ ಬರೆದಿಟ್ಟಿದಾನೆ. ಆಗ ಅಲ್ಲಿ ಹಗಲು ರಾತ್ರೀನ ಬೇರೆ ಬೇರೆ ಭಾಗ ಮಾಡಿ ಗಂಟೆ ಎಣಿಸ್ತಿದ್ರು, ಬೇಸಿಗೇಲಿ ಹಗಲಿನ ಗಂಟೆ ಉದ್ದ, ಚಳಿಗಾಲದಲ್ಲಿ ಗಿಡ್ಡ. ನಿಮಿಷ ಯಾರಿಗೆ ಬೇಕಿತ್ತು? 1872ರಲ್ಲಿ ರೈಲು ಬಂತು, 1873ರಲ್ಲಿ ಹೊಸ ಕ್ಯಾಲೆಂಡರ್ ಮತ್ತು 24 ಗಂಟೆ ಪದ್ಧತಿ ಬಂತು, ಆಮೇಲೆ ಫ್ಯಾಕ್ಟರಿ, ಶಾಲೆ, ಸೈನ್ಯ, ಎಲ್ಲಾ ಕಡೆ ಗಡಿಯಾರ ಹಿಡ್ಕೊಂಡು ಎರಡು ಮೂರು ತಲೆಮಾರು ತಿದ್ದಿದ್ರು. ಈಗ ನಾವು ಅದನ್ನ ಅವರ ಹುಟ್ಟುಗುಣ ಅಂತೀವಿ, ಅವರು ಕಷ್ಟಪಟ್ಟು ಕಲ್ತಿದ್ದಕ್ಕೆ ಮರ್ಯಾದೇನೇ ಇಲ್ಲ.

ಜರ್ಮನಿ ಕಥೆನೂ ಅಷ್ಟೇ. 1887ರಲ್ಲಿ ಬ್ರಿಟನ್ ಒಂದು ಕಾಯಿದೆ ತಂದು ಹೊರಗಿನ ಮಾಲಿನ ಮೇಲೆ ಯಾವ ದೇಶದ್ದು ಅಂತ ಬರೆಯೋ ಹಾಗೆ ಮಾಡ್ತು, "ಮೇಡ್ ಇನ್ ಜರ್ಮನಿ" ಅನ್ನೋ ಮುದ್ರೆ ಬಂದಿದ್ದು ಹಾಗೆ, ಕಳಪೆ ನಕಲಿ ಮಾಲು, ಹುಷಾರು ಅಂತ ಬ್ರಿಟಿಷ್ ಗಿರಾಕಿಗೆ ಎಚ್ಚರಿಸೋಕೆ. ಕೆಲವೇ ವರ್ಷದಲ್ಲಿ ಅದೇ ಮುದ್ರೆ ನೋಡಿ ಜನ ಜಾಸ್ತಿ ದುಡ್ಡು ಕೊಟ್ಟು ತಗೊಳ್ಳೋ ಹಾಗಾಯ್ತು.

ಇಷ್ಟು ಹೇಳಿದ್ಮೇಲೆ ನಿಮ್ಮ ಪಟ್ಟಿ ಬಗ್ಗೆ ನನ್ನ ತಕರಾರು ಮುಗಿಯಿತು ಅಂದ್ಕೋಬೇಡಿ, ನಿಜವಾದ ತಕರಾರು ಅದರ ಪಕ್ಕದ ಬಾಕ್ಸಿನ ಬಗ್ಗೆ. "ಇದು ಬೇರೆಯವರ ಅಭಿಪ್ರಾಯ ಅಲ್ಲ, ಆಯಾ ದೇಶದವರೇ ತಮ್ಮ ಬಗ್ಗೆ ಹೇಳಿಕೊಂಡಿದ್ದು, ಹಾಗಾಗಿ ಪೂರ್ವಗ್ರಹದ ಪ್ರಶ್ನೆ ಇಲ್ಲ" ಅಂತ ಬರೆದಿದೀರಿ. ಈ ಒಂದು ಸಾಲು ನನ್ನ ನಿದ್ದೆ ಕೆಡಿಸ್ತು. ಬೇರೆಯವರು ನಮ್ಮ ಬಗ್ಗೆ ಹೇಳಿದ್ರೆ ಸಿಟ್ಟು ಬರುತ್ತೆ, ಜಗಳ ಆಡ್ತೀವಿ, ಸುಳ್ಳು ಅಂತ ಸಾಧಿಸೋಕೆ ನೋಡ್ತೀವಿ. ನಾವೇ ಹೇಳ್ಕೊಂಡಿದ್ದನ್ನ ಯಾರು ಪ್ರಶ್ನೆ ಮಾಡ್ತಾರೆ? ಮನೆಯವರೇ ಹೇಳಿದ್ಮೇಲೆ ನಿಜ ಅಂತ ಒಪ್ಕೊಂಡು ಬಿಡ್ತಾರೆ. ಆದ್ರೆ ನಮ್ಮ ಬಗ್ಗೆ ನಮಗಿರೋ ಅಚ್ಚೂ ಅಚ್ಚೇ, ಅದು ನಮ್ಮ ಮನೇಲಿ ತಯಾರಾಗಿದೆ ಅಂದ ಮಾತ್ರಕ್ಕೆ ಮುಖದ ಹಾಗೆ ಆಗಲ್ಲ.

ಇದನ್ನ ಅಳೆದೂ ನೋಡಿದಾರೆ. 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು, 49 ಸಂಸ್ಕೃತಿಗಳ ಸುಮಾರು 4000 ಜನರಿಗೆ "ನಿಮ್ಮ ದೇಶದ ಸಾಮಾನ್ಯ ವ್ಯಕ್ತಿ ಹೇಗಿರ್ತಾನೆ" ಅಂತ ಕೇಳಿದ್ರು, ಆ ಉತ್ತರಗಳನ್ನ ಅದೇ ದೇಶದಲ್ಲಿ ಒಬ್ಬೊಬ್ಬ ವ್ಯಕ್ತಿಯ ಸ್ವಭಾವ ಅಳೆದು ತೆಗೆದ ಸರಾಸರಿ ಜೊತೆ ಹೋಲಿಸಿದ್ರು. ಎರಡಕ್ಕೂ ತಾಳೆನೇ ಆಗ್ಲಿಲ್ಲ. ಅಮೆರಿಕದವರು ತಮ್ಮವರು ಭಾರಿ ದಿಟ್ಟ, ಎದೆ ಸೆಟೆಸಿ ಮಾತಾಡೋರು ಅಂದಿದ್ರು, ಕೆನಡಾದವರು ತಮ್ಮವರು ತಗ್ಗಿಬಗ್ಗಿ ನಡೆಯೋರು ಅಂದಿದ್ರು, ಅಳೆದ್ರೆ ಆ ಗುಣದಲ್ಲಿ ಎರಡೂ ದೇಶದವರ ಅಂಕ ಹತ್ತಿರ ಹತ್ತಿರ ಒಂದೇ. ಅಂದ್ರೆ ಕೆನಡಾದವರು ತಮ್ಮನ್ನ ತಾವು ನೋಡ್ಕೊಂಡು ಬರೆದಿದ್ದಲ್ಲ, ಪಕ್ಕದ ಮನೆಯವರನ್ನ ನೋಡಿ "ನಾವು ಅವರಲ್ಲ" ಅಂತ ಬರೆದಿದ್ದು ಅಂತ ನನಗನ್ಸುತ್ತೆ. ಚೆಕ್ ದೇಶದವರ ವಿಷಯ ಓದಿ ನನಗೆ ನಿಜವಾಗ್ಲೂ ಸಂಕಟ ಆಯ್ತು, ಅವರು ತಮ್ಮವರು ಜಗಳಗಂಟರು, ಯಾರ ಜೊತೇನೂ ಹೊಂದ್ಕೊಳ್ಳದೋರು ಅಂತ ಬರೆದಿದ್ರು, ಅಳತೆಯಲ್ಲಿ ನೋಡಿದ್ರೆ ವಿನಯದಂಥ ಗುಣಗಳಲ್ಲಿ ಬಹಳ ದೇಶದವರಿಗಿಂತ ಮೇಲಿದ್ರು. ಒಂದು ಇಡೀ ಜನ ತಮ್ಮ ಬಗ್ಗೆ ಕೆಟ್ಟದಾಗಿ ನಂಬ್ಕೊಂಡು ಕೂತಿದಾರೆ, ಒಬ್ಬೊಬ್ಬರಾಗಿ ನೋಡಿದ್ರೆ ಹಾಗಿಲ್ಲ!

ಇದು ಹೇಗೆ ಆಗುತ್ತೆ ಅಂತ ನನಗೆ ಅರ್ಥ ಆಗಿದ್ದು ಪುಸ್ತಕದಿಂದ ಅಲ್ಲ, ನಾವು ಮಾತಾಡೋ ಕನ್ನಡದಿಂದ. ಗಮನಿಸಿ ನೋಡಿ, ಹೊಗಳ್ಕೊಳ್ಳೋವಾಗ ನಾವು "ನಾವು" ಅಂತೀವಿ, ಬೈಯೋವಾಗ "ನಮ್ ಜನ" ಅಂತೀವಿ. "ನಾವು ಎಂಥಾ ಕಷ್ಟ ಬಂದ್ರೂ ತಡ್ಕೋತೀವಿ, ನಾವು ಬಂದವರನ್ನ ಬರಿಗೈಯಲ್ಲಿ ಕಳಿಸಲ್ಲ." ಅದೇ ಬಾಯಿ, ಐದು ನಿಮಿಷ ಬಿಟ್ಟು, "ನಮ್ ಜನ ಕ್ಯೂ ನಿಲ್ಲಲ್ಲ, ನಮ್ ಜನ ಸುಳ್ಳು ಹೇಳ್ತಾರೆ, ನಮ್ ಜನ ಉದ್ಧಾರ ಆಗಲ್ಲ ಬಿಡಿ." ಮೊದಲನೇದು "ತೀವಿ" ಅಂತ ಮುಗಿಯುತ್ತೆ, ಅಂದ್ರೆ ಹೇಳೋನು ಆ ಗುಂಪಿನ ಒಳಗೆ ನಿಂತಿದಾನೆ. ಎರಡನೇದು "ತಾರೆ" ಅಂತ ಮುಗಿಯುತ್ತೆ, ಹೇಳೋನು ಮೆಲ್ಲಗೆ ಬಾಗಿಲು ದಾಟಿ ಹೊರಗೆ ಬಂದು ನಿಂತು, ಒಳಗಿರೋರ ಕಡೆ ಬೊಟ್ಟು ಮಾಡ್ತಿದಾನೆ. ನಾನು ಕಳೆದ ಒಂದು ವಾರ ಕಿವಿಗೊಟ್ಟು ಕೇಳ್ದೆ, ಮನೇಲಿ, ಆಫೀಸಲ್ಲಿ, ಫೋನಲ್ಲಿ, ಟಿವಿ ಚರ್ಚೇಲಿ, "ನಮ್ ಜನ ಸುಳ್ಳು ಹೇಳ್ತಾರೆ" ಅಂದ ಒಬ್ಬರೂ "ನಾವು ಸುಳ್ಳು ಹೇಳ್ತೀವಿ" ಅನ್ಲಿಲ್ಲ. ಹಾಗಾದ್ರೆ ಆ ಜನ ಯಾರು? ಹೇಳೋನು ಅದರಲ್ಲಿಲ್ಲ, ಅವನ ಹೆಂಡತಿ ಮಕ್ಕಳಿಲ್ಲ, ಅವನ ಸ್ನೇಹಿತರಿಲ್ಲ, ಕೇಳ್ತಾ ಇರೋ ನಾನೂ ಅದರಲ್ಲಿಲ್ಲ, ಯಾಕಂದ್ರೆ ನನ್ನ ಮುಖ ನೋಡ್ಕೊಂಡು ಹೇಳ್ತಾ ಇದಾನೆ. ಎಲ್ಲರೂ ಹೊರಗೇ ನಿಂತಿದಾರೆ, ಒಳಗೆ ಯಾರೂ ಇಲ್ಲ, ಆದ್ರೂ ಎಲ್ಲರೂ ಅವರನ್ನ ಬೈತಾ ಇದಾರೆ. ಚೆಕ್ ದೇಶದವರೂ ತಮ್ಮ ಭಾಷೇಲಿ ಹಿಂಗೇ ಏನೋ ಮಾಡ್ಕೊಂಡಿರ್ಬೇಕು ಅಂತ ನನ್ನ ಊಹೆ.

ಇದರಿಂದ ನಷ್ಟ ಏನು ಅಂದ್ರೆ, "ನಮ್ ಜನ ಹಿಂಗೇ" ಅಂದ ತಕ್ಷಣ ಯಾವ ಕೆಲಸವೂ ಬೇಡ ಆಗುತ್ತೆ. ರೂಲ್ಸ್ ಸರಿಯಿಲ್ಲ, ಸಿಬ್ಬಂದಿ ಕಡಿಮೆ, ತಪ್ಪು ಮಾಡಿದೋನಿಗೆ ದಂಡ ಬೀಳಲ್ಲ, ಇಂಥದ್ದನ್ನ ಸರಿ ಮಾಡ್ಬಹುದು, ಯಾರ ಜವಾಬ್ದಾರಿ ಅಂತ ಕೇಳ್ಬಹುದು. ಸ್ವಭಾವವನ್ನ ಯಾರು ಸರಿ ಮಾಡ್ತಾರೆ, ಯಾರನ್ನ ಕೇಳ್ತೀರಿ? ಜವಾಬ್ದಾರಿ ಇರೋರಿಗೆ ಇದಕ್ಕಿಂತ ಒಳ್ಳೆ ತಪ್ಪಿಸ್ಕೊಳ್ಳೋ ದಾರಿ ಇನ್ನೊಂದಿಲ್ಲ, ಅದನ್ನ ಅವರ ಕೈಗೆ ನಾವೇ ಕೊಡ್ತಾ ಇದೀವಿ.

ಹಾಗಂತ ದೇಶ ದೇಶಕ್ಕೆ ವ್ಯತ್ಯಾಸವೇ ಇಲ್ಲ ಅಂತ ನಾನು ಹೇಳಲ್ಲ, ಅದು ಸುಳ್ಳಾಗುತ್ತೆ. ಇದರಲ್ಲಿ ನನ್ನ ವಾದಕ್ಕೆ ವಿರುದ್ಧ ಅನ್ಸೋ ಉದಾಹರಣೆ ಒಂದಿದೆ, ಅದನ್ನೂ ಹೇಳ್ಬೇಕು. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಗೆ ಬರೋ ರಾಜತಾಂತ್ರಿಕರು ಕಾರನ್ನ ಎಲ್ಲೆಂದರಲ್ಲಿ ನಿಲ್ಲಿಸಿದ್ರೂ ಪಾರ್ಕಿಂಗ್ ದಂಡ ಕಟ್ಟಬೇಕಾಗಿರ್ಲಿಲ್ಲ, ಅವರಿಗೆ ಕಾನೂನಿನ ರಕ್ಷಣೆ ಇತ್ತು. ರೇಮಂಡ್ ಫಿಸ್ಮನ್, ಎಡ್ವರ್ಡ್ ಮಿಗೆಲ್ ಅನ್ನೋ ಅರ್ಥಶಾಸ್ತ್ರಜ್ಞರು 1997ರಿಂದ 2005ರ ತನಕದ ಲೆಕ್ಕ ತೆಗೆದ್ರು, ಕಟ್ಟದೇ ಬಿಟ್ಟ ದಂಡದ ಚೀಟಿಗಳೇ ಒಂದೂವರೆ ಲಕ್ಷದ ಮೇಲೆ. ಕೆಲವು ದೇಶದವರ ಹೆಸರಲ್ಲಿ ಒಂದು ಚೀಟಿನೂ ಇಲ್ಲ, ಕೆಲವು ದೇಶದ ರಾಜತಾಂತ್ರಿಕರ ಹೆಸರಲ್ಲಿ ತಲೆಗೆ ನೂರರ ಮೇಲೆ, ಯಾವ ದೇಶದಲ್ಲಿ ಭ್ರಷ್ಟಾಚಾರ ಜಾಸ್ತಿಯೋ ಆ ಕಡೆಯವರದ್ದು ಜಾಸ್ತಿ. ನೋಡಿ ಇದೇ ದೇಶದ ಗುಣ ಅಂತ ನೀವು ಹೇಳ್ಬಹುದು, ನಾನೂ ಅರ್ಧ ಒಪ್ಕೋತೀನಿ, ಮನೇಲಿ ಕಲ್ತಿದ್ದನ್ನ ಜನ ಜೊತೇಲಿ ಹೊತ್ಕೊಂಡೇ ಹೋಗ್ತಾರೆ. ಆದ್ರೆ ಮುಂದೇನಾಯ್ತು ಕೇಳಿ. 2002ರ ಕೊನೆಗೆ ದಂಡ ಬಾಕಿ ಇಟ್ಟ ಕಾರುಗಳ ರಾಜತಾಂತ್ರಿಕ ನಂಬರ್ ಪ್ಲೇಟ್ ಕಿತ್ಕೊಳ್ಳೋಕೆ ಸಿಟಿಯವರು ಶುರು ಮಾಡಿದ್ರು, ಅಷ್ಟೇ, ದಂಡ ಕಟ್ಟದ ಪ್ರಕರಣಗಳು ನೂರಕ್ಕೆ 98ರಷ್ಟು ಇಳಿದೋದ್ವು. ಅದೇ ಜನ, ಅದೇ ದೇಶ, ಅದೇ ರಸ್ತೆ. ಒಂದು ರೂಲಿಗೆ ಬಗ್ಗೋದನ್ನ ಸ್ವಭಾವ ಅಂತ ಹೇಗೆ ಕರೆಯೋದು? ಅದು ಅಭ್ಯಾಸ, ಕಲಿಬಹುದು, ಬಿಡಬಹುದು.

ನನ್ನ ಆಫೀಸಿನ ಒಂದು ಘಟನೆ ಹೇಳ್ಲೇಬೇಕು. ಕೆಲವು ವರ್ಷದ ಹಿಂದೆ ಏಳು ದೇಶದವರು ಸೇರಿ ಮಾಡೋ ಒಂದು ಪ್ರಾಜೆಕ್ಟಿಗೆ ನನ್ನ ಹಾಕಿದ್ರು, ಮೊದಲ ದಿನ ವಿಡಿಯೋ ಕಾಲಲ್ಲಿ ಟ್ರೈನಿಂಗ್, ವಿಷಯ ಬೇರೆ ಬೇರೆ ಸಂಸ್ಕೃತಿಯವರ ಜೊತೆ ಕೆಲಸ ಮಾಡೋದು ಹೇಗೆ ಅಂತ. ಟ್ರೈನರ್ ಎಲ್ಲರಿಗೂ ನಿಮ್ಮ ದೇಶದ ಜನರನ್ನ ಮೂರು ಪದದಲ್ಲಿ ವರ್ಣಿಸಿ ಅಂದ್ರು. ಒಬ್ಬೊಬ್ಬರಾಗಿ ಹೇಳ್ತಾ ಹೋದ್ರು, ಐದು ಜನ ತಮ್ಮವರು ಕಷ್ಟಜೀವಿಗಳು ಅಂದ್ರು, ಐದು ಜನವೂ ತಮ್ಮವರಷ್ಟು ಅತಿಥಿಗಳನ್ನ ಆದರಿಸೋರು ಬೇರೆ ಯಾರೂ ಇಲ್ಲ ಅಂದ್ರು. ನಾನೂ ಅದೇ ಹೇಳ್ದೆ, ಮೂರನೇ ಪದಕ್ಕೆ "ಸಮಯಪಾಲನೆ ಕಮ್ಮಿ" ಅಂತ ಸೇರಿಸ್ದೆ, ಎಲ್ಲರೂ ನಕ್ರು, ನನಗೂ ಹಗುರ ಅನ್ಸ್ತು. ಆವತ್ತು ವಿಡಿಯೋ ಕಾಲಿಗೆ ಎಲ್ಲರಿಗಿಂತ ಮುಂಚೆ ಬಂದು ಹತ್ತು ನಿಮಿಷ ಕಾದಿದ್ದೋಳು ನಾನೇ, ಅದು ಆ ಕ್ಷಣ ನೆನಪಿಗೇ ಬರ್ಲಿಲ್ಲ. ಕೊನೆಗೆ ಒಬ್ಬಳು ಹುಡುಗಿ ಉಳಿದಿದ್ಲು, ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ನನ್ನ ಇಬ್ಬರು ಅಣ್ಣಂದಿರನ್ನೇ ಮೂರು ಪದದಲ್ಲಿ ಹೇಳೋಕೆ ಆಗಲ್ಲ, ಇಡೀ ದೇಶದ ಬಗ್ಗೆ ಹೇಗೆ ಹೇಳ್ಲಿ" ಅಂದ್ಲು. ಆ ದಿನ ಅಲ್ಲಿ ಯಾರಾದ್ರೂ ನಿಜ ಹೇಳಿದ್ರು ಅಂದ್ರೆ ಅದು ಅವಳೊಬ್ಬಳೇ. ಟ್ರೈನರ್ ತಲೆ ಆಡಿಸಿ, ಸ್ಲೈಡಲ್ಲಿ ಅವಳ ದೇಶದ ಹೆಸರಿನ ಮುಂದೆ "ಸಂಕೋಚದ ಸ್ವಭಾವ" ಅಂತ ಟೈಪ್ ಮಾಡಿದ್ರು. ನಾವ್ಯಾರೂ ಬಾಯಿ ಬಿಡ್ಲಿಲ್ಲ. ನಾನು ಬಿಡ್ಲಿಲ್ಲ ಅನ್ನೋದು ಇವತ್ತಿಗೂ ಚುಚ್ಚುತ್ತೆ.

ನಾವು ನಮ್ಮ ಬಗ್ಗೆ ಹೇಳ್ಕೊಳ್ಳೋದೆಲ್ಲ ನಮ್ಮೊಳಗಿಂದ ಬಂದಿದ್ದು ಅಂತನೂ ಅಲ್ಲ. ಎರಡನೇ ಮಹಾಯುದ್ಧದ ಟೈಮಲ್ಲಿ ಅಮೆರಿಕದ ಸರ್ಕಾರ ರೂತ್ ಬೆನೆಡಿಕ್ಟ್ ಅನ್ನೋ ಮಾನವಶಾಸ್ತ್ರಜ್ಞೆಗೆ ಜಪಾನಿನ ಜನ ಹೇಗೆ ಅಂತ ಅಧ್ಯಯನ ಮಾಡೋಕೆ ಹೇಳ್ತು. ಯುದ್ಧ ನಡೀತಿತ್ತು, ಜಪಾನಿಗೆ ಕಾಲಿಡೋ ಹಾಗಿರ್ಲಿಲ್ಲ, ಅಮೆರಿಕದಲ್ಲಿದ್ದ ಜಪಾನಿ ಮೂಲದವರನ್ನ ಮಾತಾಡಿಸಿ, ಪುಸ್ತಕ ಸಿನಿಮಾ ನೋಡಿ ಬರೆದ್ರು, 1946ರಲ್ಲಿ ಪುಸ್ತಕ ಆಯ್ತು. ಎರಡೇ ವರ್ಷದಲ್ಲಿ, 1948ರಲ್ಲಿ, ಅದು ಜಪಾನಿ ಭಾಷೆಗೆ ಅನುವಾದ ಆಗಿ ಲಕ್ಷಗಟ್ಟಲೆ ಖರ್ಚಾಯ್ತು, ಅಲ್ಲಿನ ಜನ "ನಾವು ಯಾರು" ಅಂತ ತಿಳ್ಕೊಳ್ಳೋಕೆ ಓದಿದ್ರು, ಬೈದೋರೂ ಇದ್ರು, ಆದ್ರೆ ಅದರ ಮಾತುಗಳು ಅಲ್ಲಿನ ಚರ್ಚೆಯಲ್ಲಿ ಉಳ್ಕೊಂಡ್ವು. ಅದು ಕೆಟ್ಟ ಪುಸ್ತಕ ಅಂತ ನಾನು ಹೇಳ್ತಿಲ್ಲ. ಆದ್ರೆ ಒಂದು ಸಲವೂ ಬರದೇ ಇದ್ದೋರು ಬರೆದಿದ್ದನ್ನ ಆ ದೇಶದವರು ಓದಿ, ಆಮೇಲೆ ಬೇರೆಯವರು ಕೇಳಿದಾಗ "ನಾವು ಹೀಗೆ" ಅಂತ ವಾಪಸ್ ಹೇಳಿದ್ರೆ, ನೀವು ಬಾಕ್ಸಲ್ಲಿ ಬರೆದ ಹಾಗೆ ಅದು ಅವರದ್ದೇ ಮಾತು ಅಂತ ಹೇಗೆ ಲೆಕ್ಕ ಹಾಕೋದು?

ಇನ್ನು ಯಾರು ಯಾವ ದೇಶದವರು ಅಂತ ಅವರವರೇ ಹೇಳೋ ವಿಷಯ, ಅಲ್ಲಾದ್ರೂ ಗಟ್ಟಿ ನೆಲ ಸಿಗುತ್ತೆ ಅಂದ್ಕೊಂಡಿದ್ದೆ, ಅದೂ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನ ಜನಗಣತಿಯಲ್ಲಿ 2011ರಲ್ಲಿ ಮೊದಲ ಸಲ ನಿಮ್ಮ ರಾಷ್ಟ್ರೀಯ ಗುರುತು ಏನು ಅಂತ ಕೇಳಿದ್ರು, 57.7% ಜನ ಬರೀ "ಇಂಗ್ಲಿಷ್" ಅಂದ್ರು, ಬರೀ "ಬ್ರಿಟಿಷ್" ಅಂದೋರು 19.1%. ಹತ್ತು ವರ್ಷ ಬಿಟ್ಟು 2021ರಲ್ಲಿ ಕೇಳಿದಾಗ ಬರೀ ಬ್ರಿಟಿಷ್ 54.8%, ಬರೀ ಇಂಗ್ಲಿಷ್ 14.9%. ಕೋಟಿಗಟ್ಟಲೆ ಜನ ಹತ್ತು ವರ್ಷದಲ್ಲಿ ತಾವು ಯಾರು ಅನ್ನೋದನ್ನೇ ಬದಲಾಯಿಸಿಬಿಟ್ರಾ? ಅಂಕಿಅಂಶ ಇಲಾಖೆಯವರೇ ಕಾರಣ ಹೇಳಿದಾರೆ, ಫಾರಂನಲ್ಲಿ "ಬ್ರಿಟಿಷ್" ಅನ್ನೋದನ್ನ ಪಟ್ಟಿಯ ಮೊದಲನೇ ಸಾಲಿಗೆ ತಂದಿದ್ರು, ಬದಲಾವಣೆಗೆ ಮುಖ್ಯ ಕಾರಣ ಅದೇ ಇರ್ಬೇಕು ಅಂತ. ಜನ ಸುಳ್ಳು ಹೇಳ್ಲಿಲ್ಲ, ಎರಡೂ ಸಲ ನಿಜಾನೇ ಹೇಳಿದ್ರು, ಯಾಕಂದ್ರೆ ಬಹಳಷ್ಟು ಜನಕ್ಕೆ ಎರಡೂ ನಿಜ, ಯಾವುದು ಕಣ್ಣಿಗೆ ಮೊದಲು ಬಿತ್ತೋ ಅದಕ್ಕೆ ಟಿಕ್ ಹಾಕಿದ್ರು. ಯುಗೊಸ್ಲಾವಿಯಾದಲ್ಲಿ 1981ರ ಗಣತಿಯಲ್ಲಿ 12 ಲಕ್ಷ ಜನ ತಮ್ಮನ್ನ ಸರ್ಬ್, ಕ್ರೋಟ್ ಅಂತೆಲ್ಲ ಹೇಳದೆ "ಯುಗೊಸ್ಲಾವ್" ಅಂತಲೇ ಬರೆಸಿದ್ರು, ಆಮೇಲೆ ಹತ್ತು ಹನ್ನೊಂದು ವರ್ಷಕ್ಕೆ ಆ ದೇಶವೇ ಒಡೆದು ಹೋಯ್ತು. ಆ 12 ಲಕ್ಷ ಜನರ ಗುಣ ಯಾವ ದೇಶದ ಬಾವುಟದ ಕೆಳಗೆ ಹಾಕ್ತೀರಿ?

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1931ರ ಪೋಲೆಂಡಿನ ಗಣತಿ. ಆಗ ಆ ದೇಶದ ಪೂರ್ವದಲ್ಲಿ ಪೊಲೇಸಿಯೆ ಅಂತ ಜವುಗು ಪ್ರದೇಶ ಇತ್ತು, ಅಲ್ಲಿನ ಹಳ್ಳಿಯವರನ್ನ ನಿಮ್ಮ ಮಾತೃಭಾಷೆ ಯಾವುದು, ಪೋಲಿಷಾ, ಬೆಲಾರೂಸಿನದಾ, ಉಕ್ರೇನಿನದಾ ಅಂತ ಕೇಳಿದ್ರೆ, ಏಳು ಲಕ್ಷಕ್ಕೂ ಜಾಸ್ತಿ ಜನರ ಹೆಸರ ಮುಂದೆ ಬಂದ ಉತ್ತರ "ಇಲ್ಲಿಯದು" ಅಂತ. ಅವರ ಭಾಷೇಲಿ ತುತೈಶಿ ಅಂತಾರೆ, ಇಲ್ಲಿಯವರು ಅಂತ ಅರ್ಥ. ಅಧಿಕಾರಿಗಳಿಗೂ ಆ ಉತ್ತರ ಅನುಕೂಲ ಇತ್ತು, ಬೇಕಂತಲೇ ಬರೆಸಿದ್ರು ಅನ್ನೋ ವಾದನೂ ಇದೆ, ಇರ್ಬಹುದು. ಆದ್ರೂ ಆ ಮಾತು ಅವರು ಹುಟ್ಟಿಸಿದ್ದಲ್ಲ, ಜನರ ಬಾಯಲ್ಲಿ ಮುಂಚಿನಿಂದ ಇದ್ದಿದ್ದು. ಟ್ರೈನಿಂಗಲ್ಲಿ ಆ ಹುಡುಗಿ ಹೇಳಿದ್ದನ್ನ "ಸಂಕೋಚ" ಅಂತ ಬರ್ಕೊಂಡ ಹಾಗೆ, ಇವರದ್ದನ್ನ ಹಿಂದುಳಿದಿರುವಿಕೆ ಅಂತ ಬರ್ಕೊಂಡೋರು ಬಹಳ ಜನ.

ಪತ್ರಿಕೆಗಳಿಗೂ ಇದಕ್ಕೂ ಹಳೇ ನಂಟು. 1919ರ ನವೆಂಬರಲ್ಲಿ ಐನ್‌ಸ್ಟೈನ್ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಒಂದು ಲೇಖನ ಬರೆದ್ರು, ಗ್ರಹಣದ ಪರೀಕ್ಷೆಯಲ್ಲಿ ಅವರ ಸಿದ್ಧಾಂತ ನಿಂತು ಜಗತ್ತೆಲ್ಲ ಹೆಸರಾಗಿದ್ದ ವಾರಗಳು ಅವು. ಅದರ ಕೊನೇಲಿ ಹೇಳಿದ್ರು, ಇವತ್ತು ಜರ್ಮನಿಯಲ್ಲಿ ನನ್ನನ್ನ ಜರ್ಮನ್ ವಿಜ್ಞಾನಿ ಅಂತಾರೆ, ಇಂಗ್ಲೆಂಡಿನಲ್ಲಿ ಸ್ವಿಸ್ ಯಹೂದಿ ಅಂತಾರೆ, ನಾಳೆ ನಾನು ಯಾರಿಗೂ ಬೇಡದೋನಾದ್ರೆ ಇದು ತಿರುವು ಮುರುವು ಆಗುತ್ತೆ, ಜರ್ಮನ್ನರಿಗೆ ಸ್ವಿಸ್ ಯಹೂದಿ, ಇಂಗ್ಲಿಷರಿಗೆ ಜರ್ಮನ್ ಅಂತ. ಮುಂದೆ ಜರ್ಮನಿಯಲ್ಲಿ ಏನಾಯ್ತು ಅಂತ ಗೊತ್ತಿರೋ ನಮಗೆ ಆ ಸಾಲು ಓದಿದ್ರೆ ಮೈ ಜುಂ ಅನ್ನುತ್ತೆ. ಒಳ್ಳೇದು ಬಂದಾಗ "ನಾವು", ಕೆಟ್ಟದಾದಾಗ "ಅವರು" ಅನ್ನೋದು ಬರೀ ಮಾತಿನ ಚಾಳಿ ಅಲ್ಲ. ರೋಗಕ್ಕೂ ಇದೇ ಮಾಡಿದಾರೆ, ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಯುರೋಪಿನಲ್ಲಿ ಹರಡಿದಾಗ ಇಟಲಿಯವರು ಅದನ್ನ ಫ್ರೆಂಚ್ ರೋಗ ಅಂದ್ರು, ಫ್ರೆಂಚರು ನೇಪಲ್ಸ್ ರೋಗ ಅಂದ್ರು, ರಷ್ಯದವರು ಪೋಲಿಷ್ ರೋಗ ಅಂದ್ರು, 16ನೇ ಶತಮಾನದ ನಮ್ಮ ವೈದ್ಯಗ್ರಂಥ ಭಾವಪ್ರಕಾಶದಲ್ಲೂ ಅದು ಫಿರಂಗ ರೋಗ, ಅಂದ್ರೆ ಯುರೋಪಿನವರ ರೋಗ. ಯಾರೂ ತಮ್ಮ ಹೆಸರಿಟ್ಕೊಳ್ಳಲಿಲ್ಲ.

ಸರ್, ಪುರವಣಿ ತಮಾಷೆಗೆ, ಇಷ್ಟು ಗಂಭೀರವಾಗಿ ತಗೋಬೇಡಿ ಅಂತ ನೀವು ಹೇಳ್ಬಹುದು. ತಮಾಷೆ ಬೇಡ ಅಂತಿಲ್ಲ ನಾನು. ಆದ್ರೆ ಕೆಳಗಡೆ "ಮುಂದಿನ ವಾರ ಇನ್ನೂ ಹನ್ನೆರಡು ದೇಶ" ಅಂತ ಹಾಕಿದೀರಿ, ಅದಕ್ಕೆ ಮುಂಚೆ ನನ್ನದೊಂದು ಕೋರಿಕೆ. ಒಂದೊಂದು ದೇಶಕ್ಕೆ ಎರಡೆರಡು ಗುಣ ಬರೆಯೋ ಬದಲು, ಆ ದೇಶದಲ್ಲಿ ಬದುಕ್ತಾ ಇರೋ ಒಬ್ಬರನ್ನ, ಬೇಕಾದ್ರೆ ಫೋನಲ್ಲೇ, ಮಾತಾಡಿಸಿ. ಬಸ್ ಓಡ್ಸೋರೋ, ಟೀಚರೋ, ಯಾರಾದ್ರೂ ಸರಿ. ಅವರ ದೇಶದ ಜನ ಹೇಗೆ ಅಂತ ಕೇಳ್ಬೇಡಿ, ನಿನ್ನೆ ಅವರ ದಿನ ಹೇಗಿತ್ತು ಅಂತ ಕೇಳಿ, ಬೆಳಗ್ಗೆ ಎದ್ದು ಏನು ಮಾಡಿದ್ರು, ಯಾರ ಜೊತೆ ಜಗಳ ಆಯ್ತು, ಯಾವುದಕ್ಕೆ ಚಿಂತೆ ಮಾಡ್ತಿದಾರೆ. ಅವರೇ "ನಾವು" ಅಂತ ಶುರು ಮಾಡಿದ್ರೆ, "ನೀವೂ ಹಾಗೇನಾ?" ಅಂತ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ, ಬರೋ ಉತ್ತರಾನ ಹಾಗೇ ಪ್ರಿಂಟ್ ಮಾಡಿ.

ಮಗಳ ಪ್ರಾಜೆಕ್ಟ್ ಬುಕ್ಕಿನ ಆ ಪುಟ ಹರಿಯೋದು ಬೇಡ ಅಂತ ಹೇಳಿದೀನಿ, ಗಮ್ ಹಾಕಿ ಅಂಟಿಸಿಯೂ ಆಗಿದೆ. ಪಕ್ಕದ ಪುಟ ಖಾಲಿ ಬಿಟ್ಟಿದಾಳೆ, ಸೋಮವಾರ ಸ್ಕೂಲಿಗೆ ಕೊಡ್ಬೇಕು. ಭಾನುವಾರದೊಳಗೆ ಈ ಪತ್ರ ಹಾಕಿದ್ರೆ ಅಲ್ಲಿ ಅಂಟಿಸ್ಕೋತಾಳೆ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗಿ